ಮೂರು ಮಡಿಕೆಯ ಮುಚ್ಚಳ

"ಮದುವೆ ಮುಗೀಲಿ, ಜೂನ್‌ನಲ್ಲಿ ನಾವೇ ಕೂರಿಸಿ ಪರೀಕ್ಷೆ ಬರೆಸ್ತೀವಿ. ಹತ್ತನೇ ಕ್ಲಾಸಿಂದು ಒಂದು ಲೆಕ್ಕದ ಪೇಪರ್ ಉಳಿದಿರೋದು ತಾನೆ" ಎಂದು ಹದಿನೆಂಟು ವರ್ಷಗಳ ಹಿಂದೆ ತಾಂಬೂಲದ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಹೇಳಿದವಳು ಗಂಡಿನ ತಾಯಿ ಭಾರತಮ್ಮ. ಹೆಣ್ಣಿನ ಅಪ್ಪ ಆ ಮಾತು ಕಿವಿಗೆ ಬಿದ್ದ ಮೇಲೆಯೇ ಎಲೆಯಡಿಕೆ ಮುಟ್ಟಿದ್ದು. ಆ ಜೂನ್‌ನಲ್ಲಿ ಮನೆ ತುಂಬ ರೇಷ್ಮೆಹುಳ. ಸೊಪ್ಪು ಕೊಯ್ಯಲು ಕೈ ಸಾಲದೆ ಹೊಸ ಸೊಸೆ ಸುನಂದ ಹಿಪ್ಪುನೇರಳೆ ತೋಟಕ್ಕಿಳಿದಳು. ಮುಂದಿನ ಜೂನ್‌ನಲ್ಲಿ ಅವಳ ತೊಡೆಯ ಮೇಲೆ ಮಗುವಿತ್ತು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಈಗ ಅದೇ ಸುನಂದ ತಮ್ಮ ಮನೆಯ ಪಿಕಪ್ಪಿನ ಹಿಂದಿನ ಬಾಡಿಯೊಳಗೆ ಅಂಗಾತ ಮಲಗಿದ್ದಳು. ಮೇಲೆ ಮುಚ್ಚಳ ಮುಚ್ಚಿತ್ತು. ಬುಧವಾರದ ಮಧ್ಯಾಹ್ನದ ಝಳಕ್ಕೆ ಕಾದ ತಗಡು ಬೆನ್ನಿಗೆ ಚುರುಗುಟ್ಟುತ್ತಿತ್ತು.

"ಎಲ್ಲಾದ್ರೂ ಬೆಳಕು ಕಾಣ್ತದಾ ಅಕ್ಕಾ?" ಹೊರಗಿನಿಂದ ಗಂಡನ ಗೆಳೆಯ ಆಂಜಿಯ ದನಿ.

"ಎಡಗಡೆ, ಹಿಂದಿನ ಮೂಲೇಲಿ. ಬೆರಳು ತೂರೋಷ್ಟು."

"ಯಾರ ಬೆರಳು?"

"ನಿಂದು ತೂರಲ್ಲ ಬಿಡು."

ಹೊರಗೆ ಅಮರನಾಥ ನಕ್ಕದ್ದು ಕೇಳಿಸಿತು. ಗಂಡ ನಕ್ಕು ಎಷ್ಟೋ ದಿನವಾಗಿತ್ತು ಎಂದು ಸುನಂದ ಕತ್ತಲಲ್ಲೇ ಅಂದುಕೊಂಡಳು.

ಮುಚ್ಚಳವೆಂದರೆ ಮೂರು ಅಗಲ ಹಲಗೆ. ಅಲ್ಯೂಮಿನಿಯಂ ಚೌಕಟ್ಟು, ಮೇಲೆ ಕಪ್ಪು ತಗಡು, ಅಂಚಿಗೆಲ್ಲ ದಪ್ಪ ರಬ್ಬರು, ಒಂದಕ್ಕೊಂದು ಕೀಲು. ಹಿಂದಿನಿಂದ ಎತ್ತಿದರೆ ಮೊದಲನೆಯ ಹಲಗೆ ಎರಡನೆಯದರ ಮೇಲೆ ಮಡಚಿಕೊಳ್ಳುತ್ತದೆ. ಎರಡೂ ಸೇರಿ ಮೂರನೆಯದರ ಮೇಲೆ. ಅಪಘಾತವಾದ ಯಾವುದೋ ವಿದೇಶಿ ಪಿಕಪ್ಪಿನಿಂದ ಬಿಚ್ಚಿಟ್ಟಿದ್ದನ್ನು ಅಮರನಾಥ ಮಾಲೂರಿನ ಗುಜರಿ ಅಂಗಡಿಯಲ್ಲಿ ನೋಡಿದ್ದ. ಅಂಗಡಿಯವನು ಅದನ್ನು ಒಂದೇ ಕೈಯಲ್ಲಿ ಮಡಚಿ, ಒಂದೇ ಕೈಯಲ್ಲಿ ಬಿಡಿಸಿ ತೋರಿಸಿದ. ಅಮರನಾಥನಿಗೆ ಬೇಕಾಗಿದ್ದದ್ದು ಆ ಒಂದೇ ಕೈ.

ಅವರದು ಚಾಕಿ ಕೇಂದ್ರ. ರೈತರಿಗಾಗಿ ರೇಷ್ಮೆಮೊಟ್ಟೆ ತಂದು, ಮರಿ ಮಾಡಿಸಿ, ಎಳೆಸೊಪ್ಪು ಹಾಕಿ ಎರಡನೇ ಜ್ವರದವರೆಗೆ ಸಾಕಿ ಮನೆಮನೆಗೆ ಮುಟ್ಟಿಸುವುದು. ಹುಳ ಮೇವು ಬಿಟ್ಟು, ತಲೆ ಎತ್ತಿ, ಪೊರೆ ಕಳಚಲು ಅಲುಗಾಡದೆ ಕೂರುವುದಕ್ಕೆ ಈ ಕಡೆ ಜ್ವರವೆಂದೇ ಹೆಸರು. ಸಾಗಿಸುವುದಾದರೆ ಆ ಜ್ವರದ ಹೊತ್ತಿನಲ್ಲೇ ಸಾಗಿಸಬೇಕು, ಅದೂ ಬೆಳಗಿನ ತಂಪಿನಲ್ಲಿ. ಜ್ವರ ಯಾರ ಅನುಕೂಲಕ್ಕೂ ಕಾಯುವುದಿಲ್ಲ. ಇಷ್ಟು ವರ್ಷ ಪಿಕಪ್ಪಿಗೆ ಟಾರ್ಪಾಲು ಕಟ್ಟಿಕೊಂಡು ಹೋಗುತ್ತಿದ್ದರು. ಟಾರ್ಪಾಲಿಗೆ ಇಬ್ಬರು ಬೇಕು. ಒಬ್ಬರು ಹಗ್ಗ ಬಿಚ್ಚಿ ಎತ್ತಿ ಹಿಡಿದರೆ ಇನ್ನೊಬ್ಬರು ಟ್ರೇ ಇಳಿಸಬೇಕು. ಹಿಡಿದ ಕೈ ಸೋತು ಟಾರ್ಪಾಲು ಟ್ರೇಗಳ ಮೇಲೆ ಕುಸಿದರೆ ಮುಗಿಯಿತು. ಹೊರಗಿನವರನ್ನು ಕೂಲಿಗೆ ಕರೆಯುವ ಹಾಗಿಲ್ಲ. ಒಬ್ಬನ ಕೈಯಲ್ಲಿ ಬೀಡಿಯ ವಾಸನೆ, ಇನ್ನೊಬ್ಬಳ ಸೆರಗಿನಲ್ಲಿ ಟೊಮೇಟೊಗೆ ಹೊಡೆದ ಔಷಧಿ. ಎರಡೂ ಹುಳಕ್ಕೆ ವಿಷ. ಹಾಗಾಗಿ ಹಗ್ಗದ ಆ ತುದಿ ಯಾವಾಗಲೂ ಸುನಂದಳದೇ.

ಹೋದ ವರ್ಷ ಮಗಳು ಚೈತನ್ಯ ಹತ್ತನೇ ಕ್ಲಾಸು ಮುಗಿಸಿ, ಪುಸ್ತಕಗಳನ್ನೆಲ್ಲ ಗೂಡಿನಲ್ಲಿ ಪೇರಿಸಿಟ್ಟು ಕೋಲಾರದ ಹಾಸ್ಟೆಲ್ಲಿಗೆ ಹೋದಳು. ಸುನಂದ ಮೊದಮೊದಲು ಧೂಳು ಒರೆಸಲು ತೆಗೆದವಳು ಕೂತು ಓದತೊಡಗಿದಳು. ಕಡೆಗೆ ಮಗಳೇ ಫೋನಿನಲ್ಲಿ ಜಗಳವಾಡಿ ಅಮ್ಮನಿಂದ ಖಾಸಗಿಯಾಗಿ ಪರೀಕ್ಷೆ ಕಟ್ಟಿಸಿದಳು. ಅಷ್ಟು ಹಳೆಯ ಅಂಕ ನಡೆಯದೆ ಆರೂ ವಿಷಯ ಮತ್ತೆ ಬರೆಯಬೇಕಾಗಿತ್ತು; ಐದು ಮುಗಿದಿತ್ತು. ಉಳಿದದ್ದು ಗಣಿತ, ಗುರುವಾರ. ವೇಳಾಪಟ್ಟಿ ಬಂದ ದಿನವೇ ಅಮರನಾಥ ಬೆರಳು ಮಡಚಿ ನೋಡಿದ್ದ: ಈ ಸಲದ ಹುಳ ಜ್ವರಕ್ಕೆ ಕೂತು ಸಾಗಿಸಬೇಕಾಗುವುದು ಗಣಿತದ ದಿನ, ಇಲ್ಲವೇ ಅದರ ಹಿಂದಿನ ದಿನ. ಭಾನುವಾರ ಬಿದ್ದ ಮಳೆಗೆ ತಂಡಿಯಾಗಿ ಹುಳ ಒಂದು ದಿನ ಹಿಂದೆ ಬಿದ್ದವು. ಗುರುವಾರವೇ ಗಟ್ಟಿಯಾಯಿತು. ಅದಕ್ಕೇ ಈ ಮುಚ್ಚಳ.

ಆಂಜಿ ಮುಚ್ಚಳದ ಹಿಂದಿನ ಹಲಗೆ ಎತ್ತಿದ. ಬೆಳಕು ಮುಖಕ್ಕೆ ಬಡಿದು ಸುನಂದ ಕಣ್ಣು ಮುಚ್ಚಿಕೊಂಡಳು. ಅವನು ನಂಗಲಿಯಲ್ಲಿ ಲಾರಿಗಳಿಗೆ ಬಾಡಿ ಕಟ್ಟಿ ಕಲಿತು, ಈಗ ಗೌನಿಪಲ್ಲಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಅಮರನಾಥನ ಹಳೆಯ ಗೆಳೆಯ. ಬಾಯಲ್ಲಿ ಹೊಗೆಸೊಪ್ಪು ಇದ್ದದ್ದರಿಂದ ಹುಳಮನೆಯ ಕಡೆ ಸುಳಿಯಲು ಅವನಿಗೆ ಅಪ್ಪಣೆಯಿರಲಿಲ್ಲ. ಪಿಕಪ್ಪನ್ನು ಅದಕ್ಕೇ ದೂರದ ಬೇವಿನ ಮರದ ಕೆಳಗೆ ನಿಲ್ಲಿಸಿದ್ದರು.

"ದಾರ ಹಿಡಿ ಬಾವ" ಎಂದ ಆಂಜಿ. ಇಬ್ಬರೂ ಬಾಡಿಯನ್ನು ಮೂಲೆಯಿಂದ ಮೂಲೆಗೆ ಅಳೆದರು. ಆಮೇಲೆ ಉಳಿದೆರಡು ಎದುರುಬದುರು ಮೂಲೆಗಳನ್ನು ಅಳೆದರು. ಎರಡನೆಯ ಸಲ ದಾರ ಸಾಲಲಿಲ್ಲ.

"ಮುಚ್ಚಳ ನೆಟ್ಟಗೇ ಇದೆ. ನಿನ್ ಗಾಡೀನೇ ಸೊಟ್ಟ. ಚಾಕಿಗೆ ಮುಂಚೆ ಟೊಮೇಟೊ ಸೀಜನ್‌ನಲ್ಲಿ ಎಷ್ಟು ಬಾಕ್ಸ್ ಏರಿಸ್ತಿದ್ದೆ ಹೇಳು."

"ಎಲ್ರೂ ಏರಿಸೋಷ್ಟೇ."

"ಎಲ್ರ ಗಾಡೀನೂ ಸೊಟ್ಟಗೇ ಇದಾವೆ. ಅವ್ರ್ಯಾರೂ ಮುಚ್ಚಳ ತಂದಿಲ್ಲ, ಅದಕ್ಕೆ ಗೊತ್ತಾಗಿಲ್ಲ ಅಷ್ಟೆ."

ಬೆಳಗಿನಿಂದ ಅವರು ಮಾಡಿದ್ದೆಲ್ಲ ಇದೇ. ಬಾಡಿ ಒಂದು ಗೇಣು ಉದ್ದ, ಮುಚ್ಚಳ ಒಂದು ಗೇಣು ಗಿಡ್ಡ. ಕ್ಯಾಬಿನ್ನಿನ ಹಿಂದೆ ಆ ಒಂದು ಗೇಣಿಗೆ ಒಂದು ತಗಡಿನ ಪಟ್ಟಿ ಕೂರಿಸಿದ್ದರು. ಕ್ಲಾಂಪು ಕಚ್ಚಲು ಅಂಚಿಲ್ಲದ್ದರಿಂದ ಬಾಡಿಯ ಎರಡೂ ಗೋಡೆಗಳ ಒಳಮೈಗೆ ಕಬ್ಬಿಣದ ಪಟ್ಟಿ ಬೆಸೆದಿದ್ದರು. ಈಗ ಎಡಗಡೆಯ ಪಟ್ಟಿಯ ಮೇಲೆ ಹಳೆಯ ಟೈರ್ ಟ್ಯೂಬಿನ ತುಂಡು ಕತ್ತರಿಸಿ ಮೆತ್ತೆ ಕೊಟ್ಟರು. ಮುಚ್ಚಳ ಆ ಮೂಲೆಯಲ್ಲಿ ಒಂದಿಷ್ಟು ಎದ್ದಿತು, ಗಾಡಿಯ ಸೊಟ್ಟಿಗೆ ಹೊಂದಿಕೊಂಡಿತು. ಆಂಜಿ ಸ್ಪಾನರನ್ನು ಅಮರನಾಥನ ಕೈಗೆ ಕೊಟ್ಟ.

"ಒಂದೇ ಕಡೆ ಬಿಗೀಬೇಡ. ಈ ಕಡೆ ಅರ್ಧ ಸುತ್ತು, ಆ ಕಡೆ ಅರ್ಧ ಸುತ್ತು. ಗಂಡ ಹೆಂಡತಿ ಥರ. ಒಬ್ರನ್ನೇ ಬಿಗಿದ್ರೆ ಇನ್ನೊಬ್ರು ಎದ್ ನಿಂತ್ಕೋತಾರೆ."

"ನಿಮ್ಮನೇಲಿ ಯಾರು ಎದ್ ನಿಂತಿರೋದು?" ಎಂದಳು ಸುನಂದ ಒಳಗಿನಿಂದಲೇ.

"ನಮ್ಮನೇಲಿ ಕೂತಿರೋದು ನಾನೊಬ್ನೇ ಅಕ್ಕಾ."

ಹಲಗೆ ಮತ್ತೆ ಮುಚ್ಚಿತು. ಈ ಸಲ ಒಳಗೆ ಗೆರೆಯಷ್ಟೂ ಬೆಳಕಿಲ್ಲ. ಸುನಂದ ಕತ್ತಲಲ್ಲಿ ಎದೆಯ ಮೇಲೆ ಕೈ ಕಟ್ಟಿಕೊಂಡು ಮಲಗಿ, ತುಟಿಯಲ್ಲೇ ಒಂದು ಪ್ರಮೇಯ ಹೇಳಿಕೊಂಡಳು. ಲಂಬಕೋನ ತ್ರಿಭುಜದಲ್ಲಿ ವಿಕರ್ಣದ ಮೇಲಿನ ವರ್ಗವು... ಮೂಲೆಯಿಂದ ಮೂಲೆಗೆ ದಾರ ಎಳೆದದ್ದು ನೆನಪಾಗಿ ಮುಂದಿನ ಸಾಲು ತಾನಾಗಿ ಬಂತು. ಅಷ್ಟರಲ್ಲಿ ಕತ್ತಿನಲ್ಲಿ ಬೆವರು ಇಳಿಯತೊಡಗಿತು.

"ರೀ, ತೆಗೀರಿ. ಇಷ್ಟು ಬಿಗಿಯಾದ್ರೆ ಹುಳ ಉಸಿರಾಡೋದು ಹೆಂಗೆ? ನಂಗೇ ಆಗ್ತಿಲ್ಲ."

"ಬೆಳಕು ಬರಬಾರ್ದು, ಮಳೆ ಬರಬಾರ್ದು, ಗಾಳಿ ಬರಬೇಕು" ಎಂದು ಆಂಜಿ ಹೊಗೆಸೊಪ್ಪಿನ ರಸ ಉಗಿಯಲು ಬೇಲಿಯವರೆಗೆ ಹೋಗಿ ಬಂದ. "ಇದು ಮುಚ್ಚಳಾನಾ, ಸ್ವಯಂವರಾನಾ?" ಆದರೂ ಕ್ಯಾಬಿನ್ನಿನ ಹಿಂದಿನ ಪಟ್ಟಿಯನ್ನು ಬಿಚ್ಚಿ, ಕೆಳಗೆ ವಾಷರು ಕೊಟ್ಟು ಮೇಲೆತ್ತಿ ಬೆರಳಗಲ ಸಂದು ಬಿಟ್ಟ.

ಇಷ್ಟು ಹೊತ್ತೂ ಭಾರತಮ್ಮ ಮನೆಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ಕೂತು ಅವರೆಕಾಳು ಆರಿಸುತ್ತಿದ್ದಳು. ಗಂಡ ಆವಲಪ್ಪ ಹೋದ ಮೇಲೆ ಅವಳ ಮಾತು ಕಡಿಮೆಯಾಗಿತ್ತು; ಮಂಡಿನೋವು ಬಂದ ಮೇಲೆ ಓಡಾಟವೂ. ಸೊಸೆಯ ಪರೀಕ್ಷೆಯ ಬಗ್ಗೆ ಅವಳು ಒಳ್ಳೆಯದೂ ಅಂದಿರಲಿಲ್ಲ, ಕೆಟ್ಟದ್ದೂ ಅಂದಿರಲಿಲ್ಲ. ಮೊದಲ ದಿನ ಸುನಂದ ಕಾಲಿಗೆ ಬಿದ್ದು ಹೊರಟಾಗ, "ಬರೋವಾಗ ವೀಳ್ಯದೆಲೆ ತಗೊಂಡ್ಬಾ" ಎಂದಿದ್ದಳು. ಐದು ಪರೀಕ್ಷೆಗೂ ಐದು ಸಲ ಎಲೆ ಬಂದಿತ್ತು.

ನೀರು ಹೊಯ್ದು ನೋಡುವಾಗ ಮಾತ್ರ ಅವಳು ಎದ್ದು ಬಂದಳು. ಕೊಡ ಎತ್ತಿದ ಮಗನ ಕೈಯಿಂದ ಅದನ್ನು ಕಿತ್ತುಕೊಂಡು ತಾನೇ ಮುಚ್ಚಳದ ಮೇಲೆ ಸುರಿದಳು. ನೀರು ಕೀಲುಗಳ ಮೇಲೆ ಹರಿದು ಎರಡೂ ಬದಿಗೆ ಇಳಿಯಿತು. ಒಳಗೆ ಒಂದು ಹನಿಯಿಲ್ಲ.

"ಈಗ ಒಬ್ನೇ ತೆಗಿ" ಎಂದ ಆಂಜಿ.

ಅಮರನಾಥ ಬಲಗೈಯಿಂದ ಮುಚ್ಚಳದ ಅಂಚಿಗಿದ್ದ ಚಿಲಕದ ಹಗ್ಗ ಎಳೆದ. ಒಳಗೆ ಚಿಲಕ ಬಿಟ್ಟ ಸದ್ದು. ಹಿಂದಿನ ಹಲಗೆ ಎತ್ತಿ ಎರಡನೆಯದರ ಮೇಲೆ ಮಲಗಿಸಿದ, ಎರಡನ್ನೂ ಸೇರಿಸಿ ಮೂರನೆಯದರ ಮೇಲೆ. ಎದುರಿಗೆ ನಿಂತಿದ್ದ ಸುನಂದಳ ಎರಡೂ ಕೈ ತಾವಾಗಿಯೇ ಮುಂದೆ ಚಾಚಿದ್ದವು, ಟಾರ್ಪಾಲಿನ ತುದಿ ಹಿಡಿಯುವ ಹಾಗೆ. ನೋಡಿಕೊಂಡು ಅವಳು ಅವನ್ನು ಸೆರಗಿನೊಳಗೆ ಎಳೆದುಕೊಂಡಳು.

"ಚೆನ್ನಾಗಿದೆ" ಎಂದಳು ಭಾರತಮ್ಮ. "ಈ ಸುತ್ತಲ್ಲಿ ಯಾರ ಗಾಡಿಗೂ ಇಲ್ಲ ಇಂಥದ್ದು. ಎಲ್ರ ಕಣ್ಣೂ ಇದ್ರ ಮೇಲೇ."

ಸಂಜೆ ಸುನಂದ ಕಾಲಿಗೆ ಬ್ಲೀಚಿಂಗ್ ನೀರು ಸೋಕಿಸಿಕೊಂಡು ಹುಳಮನೆಗೆ ಹೋದಳು. ಟ್ರೇಗಳಲ್ಲಿ ಹುಳ ಸೊಪ್ಪಿನ ಮೇಲೆ ತಲೆ ಎತ್ತಿ ಕೂತಿದ್ದವು, ಒಂದೂ ಮೇಯುತ್ತಿರಲಿಲ್ಲ. ಸುಣ್ಣದ ಪುಡಿ ಉದುರಿಸಿ ಬಂದು ಗಂಡನಿಗೆ "ಕೂತ್ವು" ಎಂದಳು. ಅವನು "ನೀನು ಓದ್ಕೋ ಹೋಗು" ಎಂದ.

ಬೆಳಗ್ಗೆ ಇನ್ನೂ ಕೋಳಿಗಳು ಗೂಡಿನಿಂದ ಇಳಿಯುತ್ತಿದ್ದಾಗ ಅಮರನಾಥ ಪಿಕಪ್ಪನ್ನು ಹುಳಮನೆಯ ಬಾಗಿಲಿಗೆ ತರಲು ಹೋದ. ಹಗ್ಗ ಎಳೆದು ಹಿಂದಿನ ಹಲಗೆ ಎತ್ತಿದ. ಒಳಗಿನಿಂದ ಸಾಂಬ್ರಾಣಿಯ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು. ಬಾಡಿಯ ನಡುವೆ ಒಂದು ಮಣ್ಣಿನ ಬಟ್ಟಲು. ಅದರಲ್ಲಿ ತಣ್ಣಗಾದ ಕೆಂಡ, ಬೂದಿ, ಕರಗಿ ಕಪ್ಪಾದ ಸಾಂಬ್ರಾಣಿ, ನಾಲ್ಕು ಒಣಮೆಣಸಿನಕಾಯಿ.

ಅವನು ಅಲ್ಲೇ ನಿಂತು ಕೂಗಿದ. "ಅಮ್ಮಾ."

ಭಾರತಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಬಟ್ಟಲು ನೋಡಿದಳು. "ಮುಸ್ಸಂಜೇಲಿ ದೃಷ್ಟಿ ತೆಗ್ದೆ ಕಣೋ. ಹೊಸ ಗಾಡಿ ಬಂದಾಗ್ಲೂ ತೆಗ್ದಿರ್ಲಿಲ್ವಾ? ಹೊಗೆ ಚೆನ್ನಾಗಿ ಕೂರ್ಲಿ ಅಂತ ಮುಚ್ಚಿದ್ದೆ. ಹುಳಮನೆ ಹತ್ರ ಅಲ್ಲ, ಇಲ್ಲೇ, ಬೇವಿನ ಮರದ ಕೆಳಗೆ."

"ಹುಳ ಹೋಗೋದು ಎಲ್ಲಿ? ಇದ್ರೊಳಗೆ ತಾನೆ?"

ಐವತ್ತು ವರ್ಷ ಹುಳ ಸಾಕಿದವಳು ಭಾರತಮ್ಮ. ಮನೆಯಲ್ಲಿ ಹುಳ ಇದ್ದಷ್ಟು ದಿನ ದೇವರಿಗೆ ಊದುಬತ್ತಿ ಕೂಡ ಹಚ್ಚುತ್ತಿರಲಿಲ್ಲ, ದೀಪವನ್ನು ದನದ ಕೊಟ್ಟಿಗೆಯಲ್ಲಿಟ್ಟು ಅಲ್ಲಿಂದಲೇ ಕೈ ಮುಗಿಯುತ್ತಿದ್ದಳು. ಸೇದುವ ನೆಂಟರನ್ನು ಬೀದಿಯಲ್ಲೇ ಕೂರಿಸಿ ಕಾಫಿ ಕೊಟ್ಟವಳು. ಆದರೆ ಅವಳ ಮನಸ್ಸಿನಲ್ಲಿ ಹುಳಮನೆ ಹುಳಮನೆಯೇ, ಗಾಡಿ ಗಾಡಿಯೇ. ಹುಳಮನೆಗೆ ಹೊಗೆ ತಾಗಬಾರದು, ಹೊಸ ಗಾಡಿಗೆ ಹೊಗೆ ಹಾಕದೆ ಬಿಡಬಾರದು. ಟಾರ್ಪಾಲು ಇದ್ದಾಗ ಹಾಕಿದ ಹೊಗೆ ಗಾಳಿಗೆ ಹಾರಿಹೋಗುತ್ತಿತ್ತು. ಇದು ಮುಚ್ಚಿಕೊಂಡು ಕೂತಿತ್ತು, ಬೆಳಗಿನವರೆಗೂ.

ಅಮರನಾಥ ಬಟ್ಟಲನ್ನು ಎತ್ತಿ ಬೇಲಿಯಾಚೆ ಎಸೆದ. ಬಾಡಿಯನ್ನು ಕೊಡಗಟ್ಟಲೆ ನೀರಿನಿಂದ ತೊಳೆದ. ಹಲಗೆಯ ಅಡಿಮೈ ಉಜ್ಜಿದ. ಮೂಗು ಹಚ್ಚಿ ನೋಡಿದ. ವಾಸನೆ ಇನ್ನೂ ಇತ್ತು. ಆಂಜಿಗೆ ಫೋನು ಮಾಡಿದ. ಅವನು ರಾತ್ರಿಯೇ ಮದನಪಲ್ಲಿಗೆ ಮದುವೆಗೆ ಹೋಗಿದ್ದ, ಫೋನು ಎತ್ತಲಿಲ್ಲ.

"ಬೇಕಂತ್ಲೇ ಮಾಡ್ದೆ ನೀನು" ಎಂದ ಅಮರನಾಥ. ದನಿ ಏರಿರಲಿಲ್ಲ. "ಅವ್ಳು ಹೋಗೋದು ನಿಂಗೆ ಯಾವತ್ತು ಬೇಕಾಗಿತ್ತು? ಹದಿನೆಂಟು ವರ್ಷದಲ್ಲಿ ಒಂದಿನ ಕೇಳಿದ್ಯಾ?"

ಹೊಸಿಲಲ್ಲಿ ಸುನಂದ ನಿಂತಿದ್ದಳು. ನೀಲಿ ಸೀರೆ, ಬಾಚಿ ಹೆಣೆದ ಜಡೆ, ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಹಾಲ್ ಟಿಕೆಟ್ಟು, ಎರಡು ಪೆನ್ನು, ಮಗಳ ಜ್ಯಾಮಿಟ್ರಿ ಬಾಕ್ಸು. ಎಲ್ಲ ಕೇಳಿಸಿಕೊಂಡಿದ್ದಳು. ಕವರನ್ನು ಕಲ್ಲುಚಪ್ಪಡಿಯ ಮೇಲಿಟ್ಟು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬಿಡ್ರಿ. ಅತ್ತಮ್ಮಂಗೆ ಯಾಕಂತೀರ. ಟಾರ್ಪಾಲ್ ತಗೊಳ್ಳಿ, ನಾನ್ ಬರ್ತೀನಿ."

"ಬಂದ್ರೆ ಪರೀಕ್ಷೆ?"

"ಇಷ್ಟು ವರ್ಷ ಇಲ್ದೇ ಇರ್ಲಿಲ್ವಾ."

ಅಮರನಾಥನಿಗೆ ಬೇರೆ ದಾರಿ ಹೊಳೆಯಲಿಲ್ಲ. ಹುಳ ಮುಟ್ಟಿಸಬೇಕಾದದ್ದು ಮುಳಬಾಗಿಲು ಕಡೆ, ಬೈರಕೂರಿನ ಆಚೆಯವರೆಗೆ. ಪರೀಕ್ಷೆ ಹತ್ತು ಗಂಟೆಗೆ ಶ್ರೀನಿವಾಸಪುರದಲ್ಲಿ, ತದ್ವಿರುದ್ಧ ದಿಕ್ಕು. ಏಳೂವರೆಯ ಬಸ್ಸು ತಪ್ಪಿದರೆ ಮುಂದಿನದು ಹತ್ತಕ್ಕೆ. ಅವನು ಟಾರ್ಪಾಲು ತರಲು ಕೊಟ್ಟಿಗೆಯ ಕಡೆ ಎರಡು ಹೆಜ್ಜೆ ಇಟ್ಟ.

ಭಾರತಮ್ಮ ಪಿಕಪ್ಪಿನ ಹತ್ತಿರ ಹೋದಳು. ಎತ್ತಿಟ್ಟ ಹಲಗೆಯ ತಗಡಿಗೆ ಮೂಗು ಹಚ್ಚಿದಳು. ಆಮೇಲೆ ಅಂಚಿಗೆ. ಮತ್ತೆ ತಗಡಿಗೆ. ಹುಳದ ತಟ್ಟೆಗಳನ್ನು ಮೂಸಿ ಮೂಸಿ ರೋಗ ಹಿಡಿಯುತ್ತಿದ್ದ ಮೂಗು ಅದು.

"ತಗಡಲ್ಲಿ ಇಲ್ಲ ಕಣೋ. ರಬ್ಬರ್‌ನಲ್ಲಿ ಹಿಡ್ಕೊಂಡಿದೆ. ಕಿತ್ತಾಕು."

"ಕಿತ್ರೆ ತಗಡು ಕಬ್ಬಿಣಕ್ಕೆ ಬಡಿಯುತ್ತೆ. ಜ್ವರಕ್ಕೆ ಕೂತ ಹುಳ ಆ ಅದುರಾಟಕ್ಕೆ ಉಳೀತಾವಾ?"

ಅವಳು ಒಳಗೆ ಹೋದಳು. ಬರುವಾಗ ಕೈಯಲ್ಲಿ ಹಳೆಯ ನೂಲಿನ ಸೀರೆಯೊಂದಿತ್ತು. ಹುಳಮನೆಯಲ್ಲಿ ಟ್ರೇಗಳಿಗೆ ಒದ್ದೆ ಮಾಡಿ ಹೊದಿಸಲು ವರ್ಷಗಟ್ಟಲೆ ಬಳಸಿದ್ದು. ಸೋಪು ಕಂಡದ್ದಲ್ಲ, ಬರೀ ನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿ ಬಣ್ಣ ಬಿಟ್ಟು ಮೆತ್ತಗಾದದ್ದು. ಅಂಚನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ಸೀರೆ ಉದ್ದಕ್ಕೆ ಸರ್ರೆಂದು ಸೀಳಿತು.

ಅಮರನಾಥ ಕ್ಲಾಂಪುಗಳನ್ನು ಸಡಿಲಿಸಿ, ಗಂಡ ಹೆಂಡತಿ ಇಬ್ಬರೂ ಮುಚ್ಚಳವನ್ನು ಇಳಿಸಿ ಚಪ್ಪಡಿಯ ಮೇಲೆ ಮಲಗಿಸಿದರು. ಅವನು ಸ್ಕ್ರೂಡ್ರೈವರ್ ತೂರಿಸಿ ರಬ್ಬರು ಎಬ್ಬಿದ. ಅದು ಸತ್ತ ಹಾವಿನ ಹಾಗೆ ಉದ್ದಕ್ಕೆ ಸುಲಿದು ಬಂತು. ಸುನಂದ ರಬ್ಬರು ಕೂತಿದ್ದ ಅಂಚಿನ ಕಾಲುವೆಗಳನ್ನು ನೀರು ಹಾಕಿ ತಿಕ್ಕಿದಳು. ಭಾರತಮ್ಮ ಸೀರೆಯ ಪಟ್ಟಿಗಳನ್ನು ಹುರಿ ಮಾಡಿ ಮಾಡಿ ಕೊಟ್ಟಳು. ಸೊಸೆ ಅವನ್ನು ಕಾಲುವೆಯೊಳಗೆ ಒತ್ತಿದಳು. ಮೂಲೆಗಳಲ್ಲಿ ಗಂಟು ಹಾಕಿದರು. ಮುಗಿಸಿ ಮೂವರೂ ಮೂಸಿದರು. ಒದ್ದೆ ಬಟ್ಟೆಯ ವಾಸನೆ, ಅಷ್ಟೆ.

ಮತ್ತೆ ಮೇಲಕ್ಕೆ ಎತ್ತಿ ಕೂರಿಸುವಾಗ ತೊಂದರೆ ಶುರುವಾಯಿತು. ಬಟ್ಟೆ ರಬ್ಬರಿನಷ್ಟು ದಪ್ಪವಿರಲಿಲ್ಲ. ಮುಚ್ಚಳ ಕೆಳಗಿಳಿದು ಕೂತಿತು, ನಿನ್ನೆ ಕೊಟ್ಟ ಟ್ಯೂಬಿನ ಮೆತ್ತೆ ಈಗ ಹೆಚ್ಚಾಯಿತು, ಎಡಗಡೆಯ ಮೂಲೆ ಎದ್ದು ನಿಂತಿತು. ಅಮರನಾಥ ಅದನ್ನು ಕಿತ್ತೆಸೆದು, ಹೊಗೆ ತಾಗದ ಬೇರೆ ಟ್ಯೂಬು ಸೀಳಿ ತೆಳುವಾದ ತುಂಡು ಇಟ್ಟ. ಈಗ ಕ್ಲಾಂಪು ಬಿಗಿ ಮಾಡುವವರೆಗೆ ಹಿಂದಿನ ಅಂಚನ್ನು ಒಬ್ಬರು ಸಮನಾಗಿ ಎತ್ತಿ ಹಿಡಿಯಬೇಕು. ಸುನಂದ ಹಿಡಿದಳು. ಅವನು ಬಾಡಿಯೊಳಗೆ ಮೊಣಕಾಲೂರಿ ಈ ಕಡೆ ಅರ್ಧ ಸುತ್ತು ತಿರುಗಿಸಿದ, ತೆವಳಿ ಹೋಗಿ ಆ ಕಡೆ ಅರ್ಧ ಸುತ್ತು.

"ಎತ್ತು. ಇನ್ನೊಂಚೂರು. ಹಾಂ, ಅಲ್ಲೇ ಹಿಡಿ."

ಮೇಲಿನ ಊರಿನ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅಲ್ಲಿ ಹಾಲಿನ ಕ್ಯಾನು ಏರಿಸಿಕೊಂಡು ಇವರ ಕ್ರಾಸಿಗೆ ಬರಲು ಅದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ.

"ರೀ."

"ಐದ್ ನಿಮಿಷ. ಈಗ ಬಿಟ್ರೆ ಎಲ್ಲ ಸೊಟ್ಟ ಕೂತ್ಬಿಡುತ್ತೆ. ಐದೇ ನಿಮಿಷ."

ಸುನಂದಳ ಕೈಗಳು ಅಂಚನ್ನು ಹಿಡಿದೇ ಇದ್ದವು, ಕಣ್ಣು ಚಪ್ಪಡಿಯ ಮೇಲಿನ ಪ್ಲಾಸ್ಟಿಕ್ ಕವರಿನ ಮೇಲಿತ್ತು.

ಭಾರತಮ್ಮ ಉಳಿದ ಸೀರೆಯ ತುಂಡನ್ನು ಕೈಗೆ ಸುತ್ತಿ ಸುತ್ತಿ ಸಿಂಬಿ ಮಾಡಿದಳು. ಅದನ್ನು ನೆತ್ತಿಯ ಮೇಲಿಟ್ಟುಕೊಂಡು, ಗೋಡೆಯ ಆಸರೆ ಬಿಟ್ಟು ನಡೆದು ಬಂದು, ಸೊಸೆಯ ಪಕ್ಕದಲ್ಲಿ ಮಂಡಿ ಸ್ವಲ್ಪ ಬಗ್ಗಿಸಿ ಮುಚ್ಚಳದ ಅಂಚಿನ ಕೆಳಗೆ ತಲೆ ಕೊಟ್ಟಳು. ಸೊಪ್ಪಿನ ಹೊರೆಗೆ ತಲೆ ಕೊಡುವ ಹಾಗೆ. ಆಮೇಲೆ ಮಂಡಿ ನೆಟ್ಟಗೆ ಮಾಡಿದಳು. ಭಾರ ಸುನಂದಳ ಬೆರಳುಗಳಿಂದ ಎದ್ದಿತು.

"ಕೈ ಬಿಡು."

"ಅತ್ತಮ್ಮ, ಮಂಡಿ—"

"ಮಂಡಿ ಕೆಳಗಿದೆ. ನಾನ್ ಹೊತ್ತಿರೋದು ತಲೇಲಿ. ಕೈ ಬಿಡೇ."

ಸುನಂದ ಬಿಡಲಿಲ್ಲ. ಒಳಗಿನಿಂದ ಅಮರನಾಥ, "ಏನಾಯ್ತು? ಹಿಡಿದಿದ್ಯಾ?" ಎಂದ.

ಭಾರತಮ್ಮ ಕತ್ತು ತಿರುಗಿಸುವ ಹಾಗಿರಲಿಲ್ಲ. ಎದುರಿನ ತೋಟವನ್ನೇ ನೋಡುತ್ತ, ಅಲ್ಲಿ ಯಾರೋ ನಿಂತಿರುವ ಹಾಗೆ ಸೊಸೆಗೆ ಹೇಳಿದಳು. "ನಿಮ್ಮಪ್ಪಂಗೆ ಜೂನ್ ಅಂದಿದ್ದೆ. ಅವ್ರು ತೀರ್ಕೊಳ್ಳೋವರ್ಗೂ ಒಂದು ಸಲಾನೂ ನನ್ ಕೇಳ್ಲಿಲ್ಲ. ಕೇಳಿದ್ರೆ ಬೈದಾದ್ರೂ ಬೈತಿದ್ದೆ. ಹೋಗು, ಬಸ್ಸು ಬಂತು."

ಸುನಂದಳ ಕೈ ಅಂಚಿನಿಂದ ಜಾರಿತು. ಮುಚ್ಚಳ ಅಲುಗಲಿಲ್ಲ. ಅವಳು ಚಪ್ಪಡಿಯ ಮೇಲಿನ ಕವರು ಎತ್ತಿಕೊಂಡು, ಸೊಂಟಕ್ಕೆ ಸಿಕ್ಕಿಸಿದ ಸೆರಗು ಬಿಚ್ಚುವುದನ್ನೂ ಮರೆತು ಕ್ರಾಸಿನ ಕಡೆ ಓಡಿದಳು. ಕಾಲುಗಳ ಸದ್ದು ದೂರವಾಯಿತು. ಬಾಡಿಯೊಳಗಿಂದ ಅಮರನಾಥ ಬಗ್ಗಿ ಹೊರಗೆ ನೋಡಿದ. ಹಿಂದಿನ ಅಂಚಿನ ಕೆಳಗೆ ಅವನಿಗೆ ಕಂಡದ್ದು ಅಮ್ಮನ ಬೆನ್ನು, ಅಗಲಿಸಿ ಊರಿದ ಎರಡು ಪಾದ. ಅವನು ಸ್ಪಾನರು ಎತ್ತಿಕೊಂಡ. ಈ ಕಡೆ ಅರ್ಧ ಸುತ್ತು, ಆ ಕಡೆ ಅರ್ಧ ಸುತ್ತು.

ಟ್ರೇಗಳನ್ನು ಏರಿಸಿ ಹೊರಡುವಾಗ ಹೊತ್ತು ಚೆನ್ನಾಗಿಯೇ ಏರಿತ್ತು. ಮುಚ್ಚಳ ದಾರಿಯುದ್ದಕ್ಕೂ ಸದ್ದು ಮಾಡಲಿಲ್ಲ. ಮೊದಲನೆಯ ಮನೆಯಲ್ಲಿ ಹಿಂದಿನ ಹಲಗೆಯನ್ನಷ್ಟೇ ಎತ್ತಿ ಟ್ರೇಗಳನ್ನು ಇಳಿಸಿಕೊಟ್ಟ. ಉಳಿದ ಹುಳಕ್ಕೆ ಬಿಸಿಲಿನ ಒಂದು ಎಳೆಯೂ ತಾಗಲಿಲ್ಲ. ಎರಡನೆಯ ಮನೆಯಲ್ಲಿ ಎರಡನೆಯ ಹಲಗೆ. "ಒಬ್ನೇ ಬಂದಿದೀಯ, ಸುನಂದ ಎಲ್ಲಿ?" ಎಂದು ಎರಡೂ ಕಡೆ ಹೆಂಗಸರು ಕೇಳಿದರು. "ಕೆಲ್ಸ ಇತ್ತು" ಎಂದ.

ಬೈರಕೂರಿನ ಆಚೆ ಮೂರನೆಯವನು ಪೆದ್ದಪ್ಪ. ಅವನು ಟ್ರೇಯ ಮೇಲಿನ ಕಾಗದ ಸರಿಸಿ, ಕನ್ನಡಕ ಏರಿಸಿ ನೋಡಿದ. ಅಂಚಿನ ಕೆಲವು ಹುಳ ಆಗಲೇ ಪೊರೆ ಬಿಟ್ಟು ಅತ್ತಿತ್ತ ತಲೆ ಆಡಿಸುತ್ತಿದ್ದವು.

"ಏಮಯ್ಯಾ ಇದಿ, ಏನಿದು? ನಿನ್ ಹುಳ ದಾರೀಲೇ ಎದ್ದು ಊಟ ಕೇಳ್ತಿದಾವೆ."

"ತಡ ಆಯ್ತು ಪೆದ್ದಪ್ಪಣ್ಣ."

"ತಡ ಆದ್ರೆ ಏಳೋದು ಒಂದೇ ಸಮ ಇರಲ್ಲ. ಗೂಡೂ ಒಂದೇ ಸಮ ಕಟ್ಟಲ್ಲ. ನಿಂಗೆ ನಾನ್ ಹೇಳ್ಕೊಡ್ಬೇಕಾ?" ಪೆದ್ದಪ್ಪ ಕಾಗದ ಮುಚ್ಚಿದ. "ಮುಂದಿನ ಬೆಳೆಗೆ ಬೇರೆ ಕಡೆ ನೋಡ್ತೀನಿ ಕಣಪ್ಪ. ಬೇಜಾರ್ ಮಾಡ್ಕೋಬೇಡ."

ಪೆದ್ದಪ್ಪ ಹೇಳಿದ್ದು ನಿಜವೇ ಆಗಿತ್ತು. ಅಮರನಾಥ ಟ್ರೇಗಳನ್ನು ಒಳಗಿಟ್ಟುಕೊಟ್ಟು, ಖಾಲಿ ಬಾಡಿಯ ಮೇಲೆ ಮೂರೂ ಹಲಗೆ ಬಿಡಿಸಿ ಮುಚ್ಚಿ ಹೊರಟ.

ಮನೆಗೆ ಬಂದಾಗ ಭಾರತಮ್ಮ ಕಲ್ಲುಚಪ್ಪಡಿಯ ಮೇಲೆ ಕಾಲು ನೀಡಿ ಕೂತಿದ್ದಳು. ಎರಡೂ ಮಂಡಿಗೆ ಎಣ್ಣೆ ಹಚ್ಚಿಕೊಂಡಿದ್ದಳು. ಸಿಂಬಿ ಇನ್ನೂ ತಲೆಯ ಮೇಲೇ ಇತ್ತು. ತೆಗೆಯುವುದು ಮರೆತಿತ್ತೋ ಏನೋ. ಕಿತ್ತ ರಬ್ಬರು ಪಟ್ಟಿಗಳನ್ನು ಯಾರೋ ತೊಳೆದು ಬೇವಿನ ಕೊಂಬೆಗೆ ಹಾಕಿದ್ದರು. ಅವಳಲ್ಲದೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅಮರನಾಥ ಇಳಿದು ಬಂದು ಅವಳ ಮುಂದೆ ನಿಂತ.

"ಊಟ ಮಾಡಿದ್ಯಾ?" ಎಂದ.

"ಗಂಟೆ ಎಷ್ಟು?"

"ಒಂದೂವರೆ."

"ಮುಗಿದಿರುತ್ತೆ" ಎಂದಳು.

ಅವನು ಅವಳ ತಲೆಯ ಮೇಲಿನ ಸಿಂಬಿಯನ್ನು ಎತ್ತಿ ಪಕ್ಕಕ್ಕಿಟ್ಟು, ಚಪ್ಪಡಿಯ ಇನ್ನೊಂದು ತುದಿಯಲ್ಲಿ ಕೂತ. ಬೇವಿನ ಕೊಂಬೆಯಲ್ಲಿ ರಬ್ಬರು ಪಟ್ಟಿಗಳು ಗಾಳಿಗೆ ನಿಧಾನವಾಗಿ ತೂಗುತ್ತಿದ್ದವು. ಇಬ್ಬರೂ ಕ್ರಾಸಿನ ಕಡೆಯ ದಾರಿ ನೋಡುತ್ತ ಕೂತರು. ಮೂರು ಗಂಟೆಯ ಬಸ್ಸಿಗೆ ಸುನಂದ ವೀಳ್ಯದೆಲೆಯ ಕಟ್ಟು ಹಿಡಿದುಕೊಂಡು ಇಳಿದಳು.

ಅವಳು ಗಣಿತದ ಪರೀಕ್ಷೆ ಬರೆದಿದ್ದಳು.